ಎರಡು ಈಸ್ಟರ್, ಒಂದು ಬಿಸು

ಮಾರ್ಚ್ 9, 2008. ಭಾನುವಾರ

ಈ ಅರಬ್ ದೇಶದಲ್ಲಿ ಭಾನುವಾರವೂ ಕೆಲಸ. ಆಫೀಸಿನಲ್ಲಿ ಲೀವ್ ಚಾರ್ಟ್ ಮುಗಿಸಿದೆ. ಸ್ಟೋರ್ಸಿನ ಗಿರ್ಗಿಸ್‌ಗೆ ಈಸ್ಟರ್ ರಜೆ. ಹಬ್ಬದ ಮರುವಾರ ಅವರ ಮಗಳ ಮದುವೆ — ಊರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಹಬ್ಬದ ತಾರೀಖು ರಿಸೆಪ್ಶನ್‌ನ ಐವಿಯನ್ನು ಕೇಳಿದೆ, ಅವಳೂ ಕ್ರೈಸ್ತಳಲ್ಲವೇ. "ಇಪ್ಪತ್ತಮೂರು ಮಾರಾಯ್ತಿ. ಮಂಗಳೂರು ಕ್ಯಾಲೆಂಡರಲ್ಲೇ ಉಂಟಲ್ಲ." ತುಂಬಿಸಿದೆ. ಗಿರ್ಗಿಸ್ ಓದದೆ ಸಹಿ ಹಾಕಿದರು.

ನನ್ನ ರಜೆ ಏಪ್ರಿಲ್ ಹತ್ತರಿಂದ. ಬಿಸುವಿಗೆ, ನಮ್ಮ ತುಳುವರ ಹೊಸ ವರ್ಷಕ್ಕೆ, ಊರಿಗೆ! ಅಶ್ವಿತಾಳನ್ನು ಅಮ್ಮನ ಹತ್ತಿರ ಬಿಟ್ಟು ಬಂದು ಹದಿನಾಲ್ಕು ತಿಂಗಳು. ಮಗಳಿಗೆ ಆರು ತುಂಬಿತು.

ಮಾರ್ಚ್ 17

ಗಿರ್ಗಿಸ್‌ಗೆ ಟಿಕೆಟ್ ಕೊಟ್ಟೆ. ಜೊತೆಗೆ ಮೈಸೂರು ಪಾಕ್. ಅದನ್ನು ಮೆಲ್ಲ ಸರಿಸಿದರು. ಉಪವಾಸವಂತೆ, ತುಪ್ಪ ಹಾಲು ಮುಟ್ಟುವುದಿಲ್ಲ. ಆಮೇಲೆ ಟಿಕೆಟ್ ನೋಡಿದರು.

"ಮದಾಮ್ ಲೀಲಾ, ಈಜಿಪ್ಟಿನ ಕ್ರೈಸ್ತರದು ಹಳೆಯ ಕ್ಯಾಲೆಂಡರ್, ನಮ್ಮ ಈಸ್ಟರ್ ಏಪ್ರಿಲ್ 27. ಉಪವಾಸದಲ್ಲಿ ನಮ್ಮಲ್ಲಿ ಮದುವೆ ಇಲ್ಲ."

ಕೋಪ ಮಾಡಲಿಲ್ಲ. ಅದೇ ಕಷ್ಟ. ಒಬ್ಬನೇ ಏಸು, ಎದ್ದು ಬರುವುದು ಎರಡು ಸಲವೇ? ತಲೆಬುಡ ಅರ್ಥವಾಗಲಿಲ್ಲ.

ಮ್ಯಾನೇಜರ್ ಧನಂಜಯ ಸರ್ ಹತ್ತಿರ ಓಡಿದೆ. "ಏಪ್ರಿಲ್, ಮೇ ಕೆಲ್ಸ ಜಾಸ್ತಿ, ಎರಡು ತಿಂಗ್ಳಿಗೂ ನಿಮ್ಮಿಬ್ರಲ್ಲಿ ಒಬ್ರಿಗೇ ರಜೆ ರೀ. ಇನ್ನೊಬ್ರು ಜೂನ್‌ಗೆ. ಖಲಾಸ್."

ಮಾರ್ಚ್ 19, ಮಧ್ಯಾಹ್ನ

ಗಿರ್ಗಿಸ್ ಬೇಯಿಸಿದ ಕಾಳು ತಿನ್ನುತ್ತಿದ್ದರು. ಕ್ಷಮೆ ಕೇಳಿದೆ. ಅವರು ಊರಿನ ಕಥೆ ತೆಗೆದರು. ಸಂತ ಮಾರ್ಕ ಅಲ್ಲಿಗೆ ಬಂದಾಗ ಚಪ್ಪಲಿ ಕಿತ್ತುಹೋಯಿತಂತೆ. ಹೊಲಿಯುವವನ ಕೈಗೆ ದಬ್ಬಣ ಚುಚ್ಚಿತು, ಮಾರ್ಕ ವಾಸಿ ಮಾಡಿದರು. ಅವನೇ ಆ ಊರಿನ ಮೊದಲ ಕ್ರೈಸ್ತನಂತೆ. ಮುಂದೆ ಅಲ್ಲಿಯ ಬಿಷಪ್ ವರ್ಷವರ್ಷ ಈಸ್ಟರ್ ತಾರೀಖು ಲೆಕ್ಕ ಹಾಕಿಸಿ ಊರೂರಿಗೆ ಪತ್ರ ಬರೆಯುತ್ತಿದ್ದರು.

"ತಾರೀಖು ಎಲ್ಲರೂ ನಮ್ಮನ್ನು ಕೇಳುತ್ತಿದ್ದರು," ಅಂದರು.

ನಾನೊಬ್ಬಳು ಕೇಳಲಿಲ್ಲ. ನಾಚಿಕೆಯಾಯಿತು. ತುಳುವರಿಗೆ ಬಿಸು, ಧನಂಜಯ ಸರ್‌ಗೆ ಯುಗಾದಿ — ಎರಡು ಹೊಸ ವರ್ಷ ಕಂಡವಳಿಗೆ ಇಷ್ಟು ಹೊಳೆಯಬಾರದೇ?

ತಪ್ಪು ನನ್ನದು. ಆದರೆ ರಜೆಯೂ ನನ್ನದು. ಅವರಿಗೂ ಮಗಳು, ನನಗೂ... ಗೊತ್ತಾಗುತ್ತಿಲ್ಲ.

ಮಾರ್ಚ್ 30

ಚಾರ್ಟಿನಲ್ಲಿ ನನ್ನ ಹೆಸರು ಹೊಡೆದು ಗಿರ್ಗಿಸ್ ಅಂತ ಬರೆದೆ. ಈ ಸಲ ತಾರೀಖು ಅವರೇ ಹೇಳಿದರು. ಐವಿ ಬೈದಳು, "ನಿನಗೆ ಮರುಳಾ ಎಂತ?" ಇರಬಹುದು. ಸರಿ ಮಾಡಿದೆನೋ ಇಲ್ಲವೋ.

ಊರಿಗೆ ಇನ್ನೂ ಹೇಳಿಲ್ಲ.

ಏಪ್ರಿಲ್ 13, ಸಂಜೆ

ನಾಳೆ ಬಿಸು. ಫೋನ್ ಮಾಡಿದೆ. ಅಮ್ಮ ಕಣಿಗೆ, ಬೆಳಿಗ್ಗೆ ಎದ್ದು ಮೊದಲು ನೋಡಲು, ತೆಂಗಿನಕಾಯಿ, ಸೌತೆಕಾಯಿ, ಕನ್ನಡಿ ತೆಗೆದಿಟ್ಟಿದ್ದಾರೆ. ಅಶ್ವಿತಾ ಫೋನ್ ಕಿತ್ತುಕೊಂಡಳು.

"ಬಿಸುವಿಗೆ ಬರ್ತೇನೆ ಅಂದಿದ್ದಿ."

ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಬಿಸು ಎರಡು ಉಂಟು ಪುಟ್ಟಿ, ನಮ್ಮದು ಆಮೇಲೆ ಬರುವುದು.

ಗೋಡೆಯಿಂದ ಕ್ಯಾಲೆಂಡರ್ ಇಳಿಸಿದ ಸದ್ದು. ಹಾಳೆ ಮಗುಚಿದಳು, ಇನ್ನೊಂದು ಮಗುಚಿದಳು.

"ಇದರಲ್ಲಿ ಇಲ್ಲ. ಯಾವ ತಾರೀಖು ಅಮ್ಮ?"

"ಜೂನ್ ಹಾಳೆ ತೆಗಿ ಪುಟ್ಟಿ, ತಾರೀಖು ನೀನೇ ಹೇಳು," ಅಂದೆ.