ಮಗ್ಗದ ಓಣಿಗೆ ಬಂದ ಮುಧೋಳದ ಮರಿ

ಬನಹಟ್ಟಿ
ಶುಕ್ರವಾರ, ೨೩ ಜನವರಿ ೨೦೨೬

ಅಮೋಲ ಅವರಿಗೆ,

ನಿಮ್ಮ ಸುವರ್ಣಾಳ ನಮಸ್ಕಾರ. ಇಲ್ಲಿ ನಾನು, ಅವ್ವ, ಆರು ಮಗ್ಗ ಮತ್ತು ಒಂದು ನಾಯಿಮರಿ ಎಲ್ಲರೂ ಆರಾಮ. ಬಾಡಗಂಡಿಯಲ್ಲಿ ನೀವೂ ನಿಮ್ಮ ಸಕ್ಕರೆ ಕಾರ್ಖಾನೆಯೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಕೈಯಲ್ಲಿ ಫೋನ್ ಇಟ್ಟುಕೊಂಡು ಈಕೆ ಕಾಗದ ಯಾಕೆ ಬರೆಯುತ್ತಾಳೆ ಎಂದು ಹುಬ್ಬು ಗಂಟಿಕ್ಕಬೇಡಿ. ಕಾರಣ ಇದೆ, ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇದು ನಾಯಿಯ ವಿಷಯದ ಪತ್ರ ಅಂತಲೇ ಓದಿ.

ಮೊನ್ನೆ ಬುಧವಾರ ಫೋನಿನಲ್ಲಿ ನೀವು ಅಂದದ್ದು ಇಷ್ಟು: "ಐತವಾರ ಬಂದು ಮರೀನ ಒಯ್ತೀನಿ. ನನ್ನ ಉಳಿದ ಅರಬಿನೂ ಕಟ್ಟಿಡು. ನಿಮ್ಮ ಮನ್ಯಾಗ ನಾಯಿಸುದ್ದಾ ಬಾಳೂದಿಲ್ಲ." ನಾನು ಏನೋ ಒದರಿದೆ, ನೀವು ಇಟ್ಟುಬಿಟ್ಟಿರಿ. ಆಮೇಲೆ ನಿಮ್ಮ ಟ್ರಂಕಿನ ಮುಂದೆ ಬಹಳ ಹೊತ್ತು ಕೂತಿದ್ದೆ. ನಾಯಿಯೂ ಹೋಯಿತು, ಅರಿವೆಯೂ ಹೋಯಿತು ಎಂದರೆ ಈ ಮನೆಗೆ ನೀವು ಮತ್ತೆ ಬರುವುದಕ್ಕೆ ಏನು ಉಳಿಯುತ್ತದೆ, ನೀವೇ ಹೇಳಿ. ಅಳು ಬಂತು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಆ ಮಾತು ಸುಳ್ಳು ಅಂತ ತೋರಿಸಿಯೇ ಬಿಡುತ್ತೇನೆ ಎಂದು ಹಟ ಹಿಡಿದೆ. ನನ್ನ ಹಟ ನಿಮಗೆ ಗೊತ್ತಿದ್ದದ್ದೇ.

ದೀಪಾವಳಿ ಪಟಾಕಿಯ ಗದ್ದಲ ಮುಗಿದ ಮೇಲೆ ನೀವು ಮುಧೋಳದಿಂದ ಆ ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದಿರಿ. ಉದ್ದ ಮೂತಿ, ಕಡ್ಡಿಯಂಥ ಕಾಲು. ಮಗ್ಗದಲ್ಲಿ ನೂಲು ಹೊತ್ತು ಓಡಾಡುವ ಲಾಳಿಯ ಹಾಗೆ ಈಚೆ ಗೋಡೆಯಿಂದ ಆಚೆ ಗೋಡೆಗೆ ಓಡುವುದನ್ನು ನೋಡಿ ಅವ್ವ ಅದಕ್ಕೆ ಲಾಳಿ ಅಂತಲೇ ಹೆಸರಿಟ್ಟಳು. ಇಷ್ಟು ಪುಕ್ಕಲು ಮರಿ ಇಲ್ಲಿ ಹೇಗೆ ಇರುತ್ತದೆ ಎಂದು ನೀವು ಕೇಳಿದಾಗ ನಾನು ಏನು ಹೇಳಿದೆ ನೆನಪಿದೆಯೇ? "ನಮ್ಮ ಓಣಿ ಭಾಳ ಶಾಂತ ಐತ್ರಿ, ಛಲೋ ನಿದ್ದಿ ಮಾಡತೈತಿ." ನೀವು ನನ್ನ ಮುಖವನ್ನು ಹುಚ್ಚಿಯನ್ನು ನೋಡುವಂತೆ ನೋಡಿದಿರಿ. ದೇವರಾಣೆ, ನಾನು ಚೇಷ್ಟೆ ಮಾಡಿರಲಿಲ್ಲ. ಹುಟ್ಟಿದಾಗಿನಿಂದ ಕಿವಿಯಲ್ಲಿರುವ ಖಟಖಟ ನನಗೆ ಸಪ್ಪಳ ಅಂತಲೇ ಅನ್ನಿಸುವುದಿಲ್ಲ. ಓಣಿಯ ಎರಡೂ ಬದಿ ಮಗ್ಗ ನಡೆದಿದ್ದರೂ, ಬೀದಿಯಲ್ಲಿ ಜಗಳ ಇಲ್ಲದಿದ್ದರೆ ನಮ್ಮ ಲೆಕ್ಕದಲ್ಲಿ ಅದು ಶಾಂತಿ.

ಮರುವಾರವೇ ನೀವು ಕಬ್ಬು ನುರಿಸುವ ಹಂಗಾಮು ಶುರುವಾಯಿತು ಎಂದು ಕಾರ್ಖಾನೆಯ ಕ್ವಾರ್ಟರ್ಸಿಗೆ ಹೋದಿರಿ. ಹೋದ ವರ್ಷ ಹಂಗಾಮಿನಲ್ಲೂ ವಾರಕ್ಕೊಮ್ಮೆ ಬರುತ್ತಿದ್ದವರು ಈ ವರ್ಷ ಫೋನಿನಲ್ಲೇ ಮುಗಿಸಿದಿರಿ. ಲಾಳಿ ಮಂಚದ ಕೆಳಗೆ, ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಸೇರಿಕೊಂಡದ್ದು ಹೊರಗೇ ಬರಲೊಲ್ಲದು. ಮೈ ಮುಟ್ಟಿದರೆ ಗಡಗಡ ನಡುಗುತ್ತಿತ್ತು. ಅವ್ವನ ಹತ್ತಿರ ಔಷಧ ಸಿದ್ಧವಿತ್ತು: "ಮಗ್ಗದ ಕಂಬಕ್ಕ ಕಟ್ಟ ಬೇ. ಒಂದ ದಿನ ಒದರತೈತಿ, ಮರುದಿನ ಮಕ್ಕೊಂತೈತಿ. ನಮ್ಮ ಅಳಿಯಾರಿಗೆ ರೂಢಿ ಆಗ್ಲಿಲ್ಲೇನ?" ಕಟ್ಟಿದೆವು. ಲಾಳಿ ಹಗ್ಗ ಕಡಿದುಕೊಂಡು, ನೂಲಿನ ಚೀಲಗಳ ಸಂದಿಯಲ್ಲಿ ನುಗ್ಗಿ, ಸಂಜೆಯವರೆಗೆ ಯಾರ ಕೈಗೂ ಸಿಗಲಿಲ್ಲ. ಆ ಚೀಲಗಳ ಮುಂದೆ ಮೊಣಕಾಲೂರಿ ಕೂತಾಗ, ಮದುವೆಯಾದ ಹೊಸದರಲ್ಲಿ ನಿಮ್ಮ ಹಾಸಿಗೆಯನ್ನು ನಾವು ಯಾವ ಗೋಡೆಗೆ ಹಚ್ಚಿ ಹಾಸಿದ್ದೆವು ಎಂಬುದು ನೆನಪಾಯಿತು. ಗೋಡೆಯಾಚೆ ಮೂರು ಮಗ್ಗ. ಗಲಗಲಿಯ ಹೊಳೆದಂಡೆಯಲ್ಲಿ ಬೆಳೆದ ಮನುಷ್ಯ, ಪಾಪ, ಎರಡು ವರ್ಷ ಹೇಗೆ ಮಲಗಿದಿರೋ.

ಅಂದಿನಿಂದ ಅವ್ವನ ಔಷಧ ಬಿಟ್ಟೆ. ಲಾಳಿಯನ್ನು ಎತ್ತಿಕೊಂಡು ಊರ ಹೊರಗಿನ ಕಬ್ಬಿನ ಹೊಲದ ಬದುವಿಗೆ ಹೋದೆ. ಅಲ್ಲಿ ಮಗ್ಗದ ಸಪ್ಪಳ ಇದ್ದೂ ಇಲ್ಲದ ಹಾಗೆ ಕೇಳುತ್ತದೆ. ತುಪ್ಪ ಸವರಿದ ರೊಟ್ಟಿಯ ಚೂರು ಕೊಟ್ಟೆ, ತಿಂದಳು. ನಾಕು ದಿನ ಅಲ್ಲೇ ಕೂತು, ಆಮೇಲೆ ಓಣಿಯ ತುದಿಯ ಕಟ್ಟೆಗೆ ಬಂದೆವು. ಕಿವಿ ಹಿಂದಕ್ಕೆ ಹೋದರೆ ನಾನೂ ಹಿಂದಕ್ಕೆ ಹೋಗುತ್ತಿದ್ದೆ. ಎಳೆಯಲಿಲ್ಲ, ಗದರಿಸಲಿಲ್ಲ, ಅಯ್ಯೋ ಪಾಪ ಎಂದು ಮುದ್ದುಗರೆಯಲೂ ಇಲ್ಲ. ತಾನೇ ಒಂದು ಹೆಜ್ಜೆ ಮುಂದಿಟ್ಟರೆ ರೊಟ್ಟಿ. ಓಣಿಯವರಿಗೆ ಒಳ್ಳೆ ಮೋಜು. ಸುವರ್ಣಾ ನಾಯಿಗೆ ಸಾಲಿ ಕಲಿಸಾಕತ್ತಾಳ ಎಂದು ಕಾಡಿದ್ದೇ ಕಾಡಿದ್ದು. ಕಾಡಲಿ ಬಿಡಿ, ಲಾಳಿ ಸಂಕ್ರಮಣದ ಹೊತ್ತಿಗೆ ನಡೆಯುತ್ತಿದ್ದ ಮಗ್ಗದ ಪಕ್ಕದಲ್ಲಿ ಕಾಲು ಚಾಚಿ ಮಲಗಿದಳು.

ರಸ್ತೆಯ ಪಾಠ ಕಲಿಸಿದ್ದು ಜಕ್ಕಪ್ಪ ಮಾಮಾ. ನಮ್ಮ ಓಣಿಯ ಬಾಯಿಯಲ್ಲಿ ಆಟೋ ನಿಲ್ಲಿಸುತ್ತಾರಲ್ಲ, ಅವರೇ. ಮೊದಲು ಇಂಜಿನ್ ಬಂದ್ ಮಾಡಿ ನಿಲ್ಲಿಸಿದ ಆಟೋದಲ್ಲಿ ಲಾಳಿಯನ್ನು ಹಿಂದಿನ ಸೀಟಿಗೆ ಕೂರಿಸಿ ಶೇಂಗಾ ತಿನ್ನಿಸಿದೆವು. ಇನ್ನೊಂದು ದಿನ ಇಂಜಿನ್ ಚಾಲೂ ಮಾಡಿದರು, ಆದರೆ ಗಾಡಿ ಸರಿಸಲಿಲ್ಲ. ಗಿರಾಕಿ ಬಂದು ಕರೆದರೆ "ಸೀಟ್ ತುಂಬೈತ್ರೀ, ಮುಧೋಳದ ಬಾಯಾರ ಕುಂತಾರ" ಅನ್ನುತ್ತಿದ್ದರು. ಆಮೇಲೆ ಬಸ್ ಸ್ಟ್ಯಾಂಡಿನ ಕಡೆಯ ಚಹಾದಂಗಡಿಯ ಹಿಂದೆ ದೂರ ಕೂತು ಬಸ್ಸು, ಬೈಕು ನೋಡುವ ಕೆಲಸ. ಕಬ್ಬಿನ ಟ್ರ್ಯಾಕ್ಟರ್ ಮಾತ್ರ ಬಹಳ ಕಾಡಿತು. ಎರಡು ಟ್ರೇಲರು, ಅದರ ಮೇಲೆ ಗುಡ್ಡದಂಥ ಕಬ್ಬು, ಮುಂದೆ ಎದೆ ನಡುಗಿಸುವ ಸ್ಪೀಕರು. ಮೊದಲ ಸಲ ಲಾಳಿ ನನ್ನ ಸೀರೆಯೊಳಗೆ ನುಗ್ಗಿ ನನ್ನನ್ನೂ ಕೆಡವಿದಳು. ಚಹಾದಂಗಡಿಯವರೆಲ್ಲ ನಕ್ಕರು. ನಾನೂ ಕೂತಲ್ಲೇ ನಕ್ಕೆ. ಈಗ ಅದೇ ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬಿನ ಗಣಿಕೆಯನ್ನು ಆರಿಸಿಕೊಂಡು ಬರುತ್ತಾಳೆ, ಕಳ್ಳಿ.

ಇಷ್ಟಾದರೂ ಒಂದು ಹೆದರಿಕೆ ಹೋಗಲೊಲ್ಲದು. ಮಗ್ಗಕ್ಕೆ ಬೆದರದವಳು, ಟ್ರ್ಯಾಕ್ಟರಿಗೆ ಬೆದರದವಳು, ಊಟಕ್ಕೆ ಕರೆದರೆ ಸಾಕು, ಬಾಲ ಹೊಟ್ಟೆಗೆ ಅಂಟಿಸಿಕೊಂಡು ನೆಲಕ್ಕೆ ಕುಸಿಯುತ್ತಿದ್ದಳು. ರೊಟ್ಟಿ ಹಿಡಿದು ಕರೆದರೂ ಅಷ್ಟೇ. ಪ್ರೀತಿಯಿಂದ ಕರೆದಷ್ಟೂ ಹೆಚ್ಚು ನಡುಗುತ್ತಿದ್ದಳು. ಹಿಂದಿನ ಮನೆಯಲ್ಲಿ ಯಾರೋ ಹೊಡೆದಿರಬೇಕು ಎಂದು ನಾನೂ ಅವ್ವನೂ ಕಾಣದವರಿಗೆ ಬೈದೆವು.

ಹೋದ ಐತವಾರ ಅಮಾವಾಸ್ಯೆ. ನೇಕಾರರ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ನಡೆಯುವುದಿಲ್ಲ, ನಿಮಗೆ ಗೊತ್ತು. ಎಳ್ಳಮಾವಾಸ್ಯೆಗೆ ನಾವು ಭೂತಾಯಿಗೆ ಎಡೆ ಹಾಕಿ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆವು. ಈ ಸಲ ಮನೆಯಲ್ಲೇ ಇದ್ದೆವು. ಮಗ್ಗಕ್ಕೆ ಪೂಜೆ ಮಾಡಿ, ಹೋಳಿಗೆ ಸುಟ್ಟು, ಅಂಗಳಕ್ಕೆ ಬಂದು, ದಿನವೂ ಕರೆಯುವ ಹಾಗೆಯೇ ಕರೆದೆ: "ಲಾಳೀ, ಬಾ ನನ್ನವ್ವ, ಉಣ್ಣ ಬಾ!" ಪತ್ರಾಸಿನ ಚಾವಣಿಯ ಮೇಲಿನ ಪಾರಿವಾಳಗಳೆಲ್ಲ ಭರ್ರನೆ ಹಾರಿಹೋದವು. ಲಾಳಿ ನೆಲಕ್ಕೆ ಕುಸಿದಳು. ಎದುರು ಮನೆಯ ರುಕ್ಮವ್ವ ಬಾಗಿಲು ತೆಗೆದು, "ಯಾರ ಜೋಡಿ ಜಗಳ ತಗದೀ ಸುವರ್ಣಾ?" ಅಂದಳು. ಒಳಗಿನಿಂದ ಅವ್ವ ನನಗಿಂತ ಮೇಲಿನ ದನಿಯಲ್ಲಿ "ಯಾರ ಬೇ? ಏನ ಆತು?" ಎಂದಳು. ಆ ಕ್ಷಣಕ್ಕೆ ನನ್ನ ದನಿ ನನಗೆ ಮೊದಲ ಸಲ ಕೇಳಿಸಿತು, ನೋಡಿ.

ಅಮೋಲ ಅವರೇ, ನಾನು ಒದರುತ್ತೇನೆ. ನನಗೆ ಗೊತ್ತೇ ಇರಲಿಲ್ಲ. ಮಗ್ಗದ ಮೇಲೆ ಕೇಳಿಸಬೇಕಲ್ಲ ಎಂದು ಅವ್ವ ಒದರಿದಳು, ಅವ್ವನಿಂದ ನಾನು ಕಲಿತೆ, ಓಣಿಯಲ್ಲಿ ಎಲ್ಲರೂ ಹಾಗೇ. ನಾವು ಪ್ರೀತಿ ಮಾಡುವುದೂ ಅದೇ ದನಿಯಲ್ಲಿ, ಬೈಯುವುದೂ ಅದೇ ದನಿಯಲ್ಲಿ. ನಮ್ಮ ಕಿವಿಗೆ ಎರಡರ ಫರಕು ತಿಳಿಯುತ್ತದೆ. ಹೊರಗಿನಿಂದ ಬಂದವರಿಗೆ ಹೇಗೆ ತಿಳಿಯಬೇಕು?

ಹೋಳಿಗೆ ಅಲ್ಲೇ ಬಿಟ್ಟು ಕೂತು ಯೋಚಿಸಿದೆ. ಮದುವೆಯಾದ ಮೊದಲ ತಿಂಗಳು ನೀವು "ಯಾಕ ಸಿಟ್ಟಾಗೀದಿ?" ಎಂದು ಕೇಳಿದ್ದಿರಿ. ನಾನು "ನಾ ಎಲ್ಲಿ ಸಿಟ್ಟಾಗೇನ್ರೀ!" ಅಂದಿದ್ದೆ. ಹೇಗೆ ಅಂದಿರಬಹುದು, ನೀವೇ ನೆನಪಿಸಿಕೊಳ್ಳಿ. "ಊಟಕ್ಕ ಬರ್ರೀ" ಎಂದು ಬಿಸಿ ರೊಟ್ಟಿ ಹಾಕಿದಾಗ ನೀವು ತಲೆ ತಗ್ಗಿಸಿ ಉಂಡು ಎದ್ದು ಹೋಗುತ್ತಿದ್ದಿರಿ. ನನ್ನ ಕೈಯ ಅಡುಗೆ ಸೇರುವುದಿಲ್ಲವೇನೋ ಎಂದು ನಾನು ಒಳಗೊಳಗೇ ಕೊರಗಿದೆ. ಅವ್ವ ನಿಮ್ಮನ್ನು ಮೆಚ್ಚಿ ಆಡಿದ ಮಾತೂ ನಿಮಗೆ ಬೈಗುಳವಾಗಿಯೇ ಮುಟ್ಟಿತೋ ಏನೋ. ಇನ್ನು ನಿಮ್ಮದೂ ಸ್ವಲ್ಪ ಹೇಳುತ್ತೇನೆ, ಸಿಟ್ಟಾಗಬೇಡಿ. ನೀವು ಹೊಳೆಯ ನೀರು ಸರಿದ ಹಾಗೆ ಮಾತಾಡುತ್ತೀರಿ. ಅದರಲ್ಲಿ ಅರ್ಧ ನನಗೆ ಕೇಳಿಸಿಯೇ ಇಲ್ಲ. ಎರಡೆರಡು ಸಲ ಕೇಳಲು ನಾಚಿಕೆಯಾಗಿ ಹೂಂ ಅಂದುಬಿಟ್ಟಿದ್ದೇನೆ. ನಿಮಗೆ ನೌಕರಿಯ ಬಿಗುಮಾನ, ನೇಕಾರರ ಮನೆ ಅಂದರೆ ಸದರ ಎಂದೆಲ್ಲ ತಿಳಿದು ರಾತ್ರಿ ಅತ್ತಿದ್ದೂ ಇದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಾವಿಬ್ಬರೂ ಮಾತು ಬಲ್ಲವರೇ, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಲಿಲ್ಲ ಅಷ್ಟೇ. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಲು ಹೋದರೆ ಹಿಂದೆ ಮಗ್ಗ, ಮುಂದೆ ನನ್ನ ಬಾಯಿ, ಬುಧವಾರದ ಗತಿಯೇ ಆಗುತ್ತದೆ.

ಆವತ್ತಿನಿಂದ ಲಾಳಿಯನ್ನು ಹತ್ತಿರ ಹೋಗಿ, ಕೂತು, ಮೆಲ್ಲಗೆ ಕರೆಯುತ್ತೇನೆ. ಎರಡೇ ದಿನಕ್ಕೆ ಬಾಲ ಮೇಲೆದ್ದಿತು. ಈಗ ಕರೆದರೆ ಓಡಿ ಬಂದು ಮುಖ ನೆಕ್ಕುತ್ತಾಳೆ. ಅವ್ವನೂ ಕಲಿಯುತ್ತಿದ್ದಾಳೆ. ನಿನ್ನೆ ಗುಟ್ಟು ಹೇಳುತ್ತೇನೆ ಎಂದು ನನ್ನ ಕಿವಿಗೆ ಬಾಯಿಟ್ಟು, "ಅಳಿಯಾರಿಗೆ ಹಿಂದಿನ ಕೋಲಿ ತಯಾರ ಮಾಡೂನು" ಅಂದಳು. ಓಣಿಯ ತುದಿಯಿಂದ ಜಕ್ಕಪ್ಪ ಮಾಮಾ "ಯಾವಾಗ ಬರತಾರವ್ವಾ ಅಳಿಯಾರು?" ಎಂದು ಕೇಳಿದರು. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ಅವ್ವ ಹೇಳಿದ್ದನ್ನು ಮಾಡಿಯೂ ಬಿಟ್ಟಿದ್ದಾಳೆ. ನೀರಿನ ತೊಟ್ಟಿಯ ಕಡೆಯ ಕೋಣೆಯಿಂದ ನೂಲಿನ ಚೀಲ ತೆಗೆಸಿ, ಮಂಚ ಹಾಕಿ, ಮಗ್ಗದ ಕಡೆಯ ಗೋಡೆಗೆ ಹಳೆಯ ಕೌದಿಗಳನ್ನೆಲ್ಲ ತೂಗುಹಾಕಿದ್ದೇವೆ. ಸಪ್ಪಳ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಹೊಲದ ಬದುವಿನಲ್ಲಿ ಕೇಳುವಷ್ಟು ಕೇಳುತ್ತದೆ. ಬೇಕಾದರೆ ಅಮಾವಾಸ್ಯೆಗೆ ಬನ್ನಿ, ಐತವಾರ ಬನ್ನಿ, ಒಂದು ಹೊತ್ತು ಇದ್ದು ಹೋಗಿ. ತಲೆ ಚಿಟ್ಟು ಹಿಡಿದರೆ ಎದ್ದು ಹೋಗಿ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಹಂಗಾಮಿನಲ್ಲಿ ವಾರಕ್ಕೆರಡು ದಿನ ನಾನೂ ಬಾಡಗಂಡಿಗೆ ಬಂದಿರಬಲ್ಲೆ. ಅವ್ವನಿಗೆ ರುಕ್ಮವ್ವ ಜೊತೆಯಾಗುತ್ತಾಳೆ, ಮಾತಾಗಿದೆ. ನಿಮ್ಮ ಅರಿವೆಯನ್ನು ಮಾತ್ರ ನಾನು ಕಟ್ಟುವುದಿಲ್ಲ. ಒಗೆದು, ಇಸ್ತ್ರಿ ಮಾಡಿ, ಹೊಸ ಕೋಣೆಯ ಗೂಟಕ್ಕೆ ಹಾಕಿದ್ದೇನೆ.

ನೀವು ಇಲ್ಲದ ಮನೆ ನನಗೆ ಸೇರುವುದಿಲ್ಲ. ಇದನ್ನು ಬಾಯಿಂದ ಹೇಳಿದ್ದರೆ ಇದೂ ಜಗಳದ ಹಾಗೆ ಕೇಳುತ್ತಿತ್ತು. ಕಾಗದದಲ್ಲಿ ನಿಮಗೆ ಬೇಕಾದ ದನಿಯಲ್ಲಿ ಓದಿಕೊಳ್ಳಿ.

ನಿಮ್ಮ ದಾರಿ ನೋಡುತ್ತಿರುವ,
ಸುವರ್ಣಾ

ತಾ.ಕ.: ಶನಿವಾರ, ಮಧ್ಯಾಹ್ನ. ಈ ಕಾಗದವನ್ನು ಟಪಾಲಿಗೆ ಹಾಕಲಿಲ್ಲ. ಐತವಾರದೊಳಗೆ ಮುಟ್ಟದಿದ್ದರೆ ಎಂದು ಬೆಳಿಗ್ಗೆ ಲಾಳಿಯನ್ನು ಕರೆದುಕೊಂಡು ಜಮಖಂಡಿ ಬಸ್ ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬಾಡಗಂಡಿಗೇ ಬಂದೆ. ನನಗೆ ಪುಕ್ಕಟೆ, ಲಾಳಿಗೆ ಟಿಕೀಟು. ಇದೂ ಹೆಣ್ಣೇ ಎಂದು ಎಷ್ಟು ಹೇಳಿದರೂ ಕಂಡಕ್ಟರ್ "ಹಂಗಾರ ಆಧಾರ ಕಾರ್ಡ ತೋರಸ್ರಿ" ಅಂದ. ನಿಮ್ಮ ವಾಚಮನ್ ಕೈಯಲ್ಲಿ ಈ ಕಾಗದ ಒಳಗೆ ಕಳಿಸುತ್ತಿದ್ದೇನೆ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಾವಿಬ್ಬರೂ ಕೂತಿದ್ದೇವೆ. ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು ಒಂದೇ ಸಮ ಹಾರ್ನ್ ಹೊಡೆಯುತ್ತಿವೆ. ಲಾಳಿ ನನ್ನ ತೊಡೆಯ ಮೇಲೆ ಗಾಢ ನಿದ್ದೆಯಲ್ಲಿದ್ದಾಳೆ. ನಡುಗುತ್ತಿರುವುದು ನಾನು, ಬೇಗ ಬನ್ನಿ.