ಹೆದರಿಸಬೇಕೋ, ಹಿಡಿಯಬೇಕೋ

ಅಜ್ಜಂಪುರ,
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ರಘು,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ? ಅಂಗಡಿಯಲ್ಲಿ ಗೊಬ್ಬರದ ಚೀಲಗಳನ್ನು ನೀನೇ ಎತ್ತಲು ಹೋಗಬೇಡ. ಅನಿತಾ ಹೇಗಿದ್ದಾಳೆ? ಹರ್ಷಿತನ ಪರೀಕ್ಷೆ ಯಾವಾಗ? ಅಮ್ಮನಿಗೆ ಕಿವಿ ಇನ್ನಷ್ಟು ಮಂದವಾಗಿದೆ, ಉಳಿದಂತೆ ಚೆನ್ನಾಗಿದ್ದಾಳೆ. ನಾನು ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಕಾನ್ವೆಂಟಿನಲ್ಲಿ ಓದಿದವಳು ನಾನು, ಕನ್ನಡದಲ್ಲಿ ಕಾಗದ ಬರೆದು ಇಪ್ಪತ್ತು ವರ್ಷವಾದರೂ ಆಗಿರಬೇಕು. ತಪ್ಪು ಕಂಡರೆ ಅನಿತಾಳಿಗೆ ತೋರಿಸಿ ನಗಬೇಡ.

ವಿಷಯ ಏನೆಂದರೆ, ಒಂದೂವರೆ ತಿಂಗಳಲ್ಲಿ ಯಾರೋ ನಮ್ಮ ಮನೆಯ ಮೇಲೆ ಎರಡು ಸಲ ಕೈ ಮಾಡಿದ್ದಾರೆ. ಮೊದಲ ಸಲ ಮುಂಬಾಗಿಲಿಗೆ, ಗೋಡೆಗೆ ಸುಟ್ಟ ಇಂಜಿನ್ ಆಯಿಲ್ ಸುರಿದರು. ಸೀಮೆಎಣ್ಣೆ, ಸೋಪಿನ ಪುಡಿ ಎಲ್ಲ ಹಾಕಿ ಉಜ್ಜಿದೆ; ಕಲೆ ಹೋಗಲಿಲ್ಲ, ಬಣ್ಣ ಹೋಯಿತು. ಎರಡನೆಯ ಸಲ ತಾರಸಿಯ ನೀರಿನ ಟ್ಯಾಂಕಿನ ಪೈಪು ಕೊಯ್ದು, ಗೇಟಿನ ಪಕ್ಕದ ನನ್ನ ಹೆಸರಿನ ಫಲಕ ಒಡೆದರು. ಅದರ ಮೇಲಿದ್ದ ಅಪ್ಪನ ಫಲಕ ಹಾಗೇ ಇದೆ. ಮನೆಯ ಖಾತೆ ನನ್ನ ಹೆಸರಿಗೆ ಆದ ತಿಂಗಳೇ ನನ್ನ ಫಲಕ ಬರೆಸಿ ಹಾಕಿದ್ದು ಅವಸರವಾಯಿತೇನೋ ಎಂದು ಈಗ ಅನ್ನಿಸುತ್ತಿದೆ. ತೆಂಗಿನ ತೋಟ ನಿನಗೆ, ಮನೆ ನನಗೆ ಎಂದು ಅಪ್ಪ ಬರೆದಿಟ್ಟಾಗ ನಾನು ಬೇಡವೆನ್ನಲಿಲ್ಲ. ಗಂಡ ತೀರಿಕೊಂಡು ಬಂದವಳು, ಇನ್ನೆಲ್ಲಿಗೆ ಹೋಗಲಿ ಎಂದುಕೊಂಡೆ. ಅಪ್ಪನನ್ನು ಕೊನೆಯ ಎರಡು ವರ್ಷ ನೋಡಿಕೊಂಡವಳೂ ನಾನೇ ಎಂದುಕೊಂಡೆ. ನಿನ್ನ ಜೊತೆ ಒಂದು ಸಲ ಕೂತು ಮಾತಾಡಬಹುದಿತ್ತು. ಮಾತಾಡಲಿಲ್ಲ, ನೋಡು.

ಅದಕ್ಕಿಂತ ದೊಡ್ಡ ತಪ್ಪನ್ನು ಆಮೇಲೆ ಮಾಡಿದೆ. ದೂರು ಕೊಡಲು ಹೋದಾಗ ಪೊಲೀಸಿನವರು ಯಾರ ಮೇಲೆ ಅನುಮಾನ ಎಂದು ಕೇಳಿದರು. ಎದುರುಮನೆ ಬೆನಕಪ್ಪನ ಹೆಸರು ಹೇಳಿಬಿಟ್ಟೆ. ಚರಂಡಿ ನೀರಿನ ವಿಚಾರಕ್ಕೆ ನಮಗೂ ಅವರಿಗೂ ಹಳೆಯ ಜಗಳ. ಅವರ ಅಂಗಳದಲ್ಲಿ ಟ್ರ್ಯಾಕ್ಟರಿನ ಸುಟ್ಟ ಆಯಿಲಿನ ಡಬ್ಬಿ ಸದಾ ಇರುತ್ತದೆ. ನನಗೆ ಅಷ್ಟೇ ಸಾಕಾಯಿತು. ಅರವತ್ತೆಂಟು ವರ್ಷದ ಮನುಷ್ಯನನ್ನು ಠಾಣೆಗೆ ಕರೆಸಿ ಸಂಜೆವರೆಗೂ ಬೆಂಚಿನ ಮೇಲೆ ಕೂರಿಸಿದರಂತೆ. ಪೇಟೆಯ ಅರ್ಧ ಜನ ನೋಡಿದ್ದಾರೆ. ಮಾರನೆಯ ದಿನ ಅವರ ಹೆಂಡತಿ ಪಾಪಮ್ಮ ನಮ್ಮ ಗೇಟಿನಾಚೆಯೇ ನಿಂತು, "ನಿಮ್ಮಪ್ಪಂಗೆ ಎದೆನೋವು ಬಂದಾಗ ತರೀಕೆರೆ ಗಂಟ ಕರ್ಕೊಂಡೋದೋರು ಯಾರವ್ವಾ? ಇಂಗ್ಲೀಷ್ ಓದ್ಬಿಟ್ರೆ ಅದೂ ಮರ್ತೋಯ್ತದಾ?" ಎಂದಳು. ಬೆನಕಪ್ಪ ಅವಳ ಹಿಂದೆ ಬಂದು, ಬೈಯಲಿಲ್ಲ, ಇಷ್ಟು ಮಾತ್ರ ಹೇಳಿದರು: "ಕ್ಯಾಮೆರಾ ಹಾಕ್ಸವ್ವಾ. ಒಂದು ನಮ್ಮ ಬಾಗ್ಲಿಗೇ ತಿರುಗ್ಸು. ನಾನು ಒಳಕ್ಕೋಗಾದು, ಹೊರಕ್ಬರಾದು ಎಲ್ಲಾ ನೋಡ್ಕೊಂಡಿರು." ಅಂದಿನಿಂದ ಅವರು ಜಗಲಿಯ ಮೇಲೆ ಕೂರುವುದನ್ನೇ ಬಿಟ್ಟಿದ್ದಾರೆ. ಅವರು ಮಾಡಿಲ್ಲವೆಂದು ನನಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಆದರೆ ಊರಿಗೆ ಗೊತ್ತಾಗುವುದು ಹೇಗೆ? ಮಾಡಿದವರು ಸಿಗಬೇಕು.

ಅದಕ್ಕೇ ನಿನ್ನೆ ತರೀಕೆರೆಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹಿಂದೆ ಸಿದ್ದೇಶ್ ಎನ್ನುವವರ ಅಂಗಡಿ. ಮೇಜಿನ ಮೇಲೆ ಏಳೆಂಟು ಕ್ಯಾಮೆರಾ ಸಾಲಾಗಿ ಇಟ್ಟು ಒಂದೊಂದರ ಗುಣ ಹೇಳಿದರು. ಕತ್ತಲಲ್ಲೂ ಬಣ್ಣ ತೋರಿಸುವುದು, ಗುಂಡಗೆ ತಿರುಗುವುದು, ಮೊಬೈಲಿಗೆ ಸುದ್ದಿ ಕಳಿಸುವುದು. ಒಳಗೇ ಮೆಮೊರಿ ಕಾರ್ಡ್ ಇರುವುದು ಅಗ್ಗವಂತೆ, ಆದರೆ ಬಂದವನು ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಸಾಕ್ಷಿಯೂ ಅವನ ಜೊತೆಗೇ ಹೋಗುತ್ತದೆ. ವೈರ್ ಎಳೆದು ರೆಕಾರ್ಡರನ್ನು ಬೀರುವಿನೊಳಗೆ ಇಡುವುದೇ ಭದ್ರ ಎಂದರು. ಒಂದು ಖಾಲಿ ಡಬ್ಬಿಯೂ ಇತ್ತು, ಒಳಗೆ ಏನೂ ಇಲ್ಲ, ಕೆಂಪು ದೀಪ ಮಾತ್ರ ಮಿನುಗುತ್ತದೆ. ನಾನು ತುಂಬಾ ಹೊತ್ತು ಯೋಚಿಸುವುದನ್ನು ಕಂಡು ಅವರು ನಕ್ಕು ಕೇಳಿದರು: "ಮೇಡಮ್ಮೋರೇ, ನಿಮಗೆ ಬಂದೋನ್ನ ಹೆದರಿಸ್ಬೇಕೋ, ಹಿಡೀಬೇಕೋ? ಹೆದರಿಸೋಕಾದ್ರೆ ಈ ಡಬ್ಬ ಸಾಕು ಕಣ್ರೀ."

ಹೆದರಿಸಿದರೆ ಅವನು ಮತ್ತೆ ಬರುವುದಿಲ್ಲ, ಮನೆ ಉಳಿಯುತ್ತದೆ, ನಾನು ನಿದ್ದೆ ಮಾಡುತ್ತೇನೆ. ಆದರೆ ಬೆನಕಪ್ಪನ ಮೇಲಿನ ಮಾತು ಹಾಗೇ ಉಳಿಯುತ್ತದೆ. ಹಿಡಿಯಬೇಕು ಎಂದೆ. ರೆಕಾರ್ಡರ್ ಇರುವುದನ್ನೇ ಆರಿಸಿದೆ, ಎರಡು ಕ್ಯಾಮೆರಾ. ಒಂದು ಗೇಟಿಗೆ. ಇನ್ನೊಂದು ಜಗಲಿಗೆ, ಹೊರಗಿನಿಂದ ಕಾಣದಂತೆ ವೆಂಟಿಲೇಟರಿನ ಹಿಂದೆ. ಬೆನಕಪ್ಪನ ಬಾಗಿಲ ಕಡೆಗೆ ಒಂದೂ ಇಲ್ಲ. ನಾಳೆ ಬಂದು ಕೂರಿಸುತ್ತಾರೆ. ಅಮ್ಮನಿಗೆ ಇದು ಇಷ್ಟವಿಲ್ಲ. "ಬಾಗ್ಲಿಗೆ ಬಂದೋರ್ನೆಲ್ಲ ಕಳ್ಳರ ಥರ ನೋಡ್ತೀಯೇನೇ ಶರ್ಮಿಳಾ, ನೆಂಟ್ರೂ ಬತ್ತಾರೆ ಕಣೇ" ಎನ್ನುತ್ತಾಳೆ. ನೆಂಟರು ಯಾರೂ ಬರುತ್ತಿಲ್ಲವಲ್ಲಮ್ಮಾ ಎಂದು ಹೇಳಲಿಲ್ಲ.

ನೀನಿದ್ದಿದ್ದರೆ ಈ ಆಯ್ಕೆಯನ್ನು ನಿನಗೇ ಬಿಡುತ್ತಿದ್ದೆ. ಕಡೂರಿನಿಂದ ಇಲ್ಲಿಗೆ ಎಷ್ಟು ದೂರ ಮಹಾ. ಒಂದು ಸಲ ಬಂದು ಹೋಗು. ಮನೆಯ ವಿಚಾರ ನಿನಗೆ ನೋವು ತಂದಿದ್ದರೆ ಅದನ್ನೂ ಕೂತು ಮಾತಾಡೋಣ, ನಾನು ಕೇಳಿಸಿಕೊಳ್ಳುತ್ತೇನೆ. ಅನಿತಾಳಿಗೆ ನನ್ನ ನೆನಪು ಹೇಳು. ಹರ್ಷಿತನಿಗೆ ಅತ್ತೆಯ ಮುತ್ತು. ಅಮ್ಮ ತಲೆ ಸವರಿ ಹರಸಿದ್ದೇನೆಂದು ಬರೆ ಎನ್ನುತ್ತಿದ್ದಾಳೆ.

ನಿನ್ನ ಅಕ್ಕ,
ಶರ್ಮಿಳಾ

ಬರೆಯಲು ಮರೆತದ್ದು, ಭಾನುವಾರ ಬೆಳಿಗ್ಗೆ: ಮರೆತದ್ದಲ್ಲ, ಈಗಷ್ಟೇ ತಿಳಿದದ್ದು. ಶಾಲೆಯ ಕೆಲಸದಲ್ಲಿ ಕಾಗದ ಪೋಸ್ಟಿಗೆ ಹಾಕಲಾಗಿರಲಿಲ್ಲ. ಇವತ್ತು ಬೆಳಗಿನ ಜಾವ ನಡುಮನೆಯ ಕಿಟಕಿಯ ಗಾಜು ಒಡೆದ ಸದ್ದಾಯಿತು. ನಾನು ಹೆದರಿ ಹಾಸಿಗೆಯಲ್ಲೇ ಇದ್ದೆ. ಬೆಳಕಾದ ಮೇಲೆ ರೆಕಾರ್ಡರ್ ನೋಡಿದೆ. ಬಂದವನು ಮುಖಕ್ಕೆ ಟವೆಲು ಸುತ್ತಿಕೊಂಡಿದ್ದ. ಗಾಜು ಒಡೆದು ಗೇಟಿನವರೆಗೆ ಓಡಿದವನು ನಿಂತ, ತಿರುಗಿ ಬಂದ. ಟವೆಲು ಬಿಚ್ಚಿ, ಅದರಿಂದಲೇ ಜಗಲಿಯ ಮೇಲಿನ, ಮೆಟ್ಟಿಲ ಮೇಲಿನ ಚೂರುಗಳನ್ನೆಲ್ಲ ಮೂಲೆಗೆ ಗುಡಿಸಿದ. ಐದು ಗಂಟೆಗೆ ಅಮ್ಮ ಬಾಗಿಲಿಗೆ ನೀರು ಹಾಕಲು ಬರಿಗಾಲಲ್ಲಿ ಬರುತ್ತಾಳಲ್ಲ, ಅದಕ್ಕೆ. ಅಷ್ಟು ಹೊತ್ತೂ ನಿನ್ನ ಮುಖ ಕ್ಯಾಮೆರಾದ ಕೆಳಗೇ ಇತ್ತು ಕಣೋ ರಘು.

ಅಮ್ಮನಿಗೆ ತೋರಿಸಿಲ್ಲ. ರೆಕಾರ್ಡರಿನಲ್ಲಿ ಹದಿನೈದು ದಿನದ್ದು ಮಾತ್ರ ಉಳಿಯುತ್ತದೆ, ಆಮೇಲೆ ತಾನಾಗಿಯೇ ಅಳಿಸಿಹೋಗುತ್ತದೆ. ಮಾರ್ಚ್ ಒಂದು, ಶನಿವಾರ, ಹದಿನಾಲ್ಕನೆಯ ದಿನ. ಅಷ್ಟರೊಳಗೆ ಹಗಲು ಹೊತ್ತಿನಲ್ಲಿ ಬಾ. ನಮ್ಮ ಮನೆಗೆ ಆಮೇಲೆ, ಮೊದಲು ಬೆನಕಪ್ಪನ ಮನೆಗೆ ಹೋಗಿ, ನಾಲ್ಕು ಜನ ಕೇಳುವ ಹಾಗೆ ನೀನೇ ಹೇಳು. ನಾನೂ ನಿನ್ನ ಪಕ್ಕ ನಿಂತು ನನ್ನ ತಪ್ಪು ಹೇಳುತ್ತೇನೆ. ನೀನು ಬರದಿದ್ದರೆ ಶನಿವಾರ ಸಂಜೆ ನಾನು ಠಾಣೆಗೆ ಹೋಗಬೇಕಾಗುತ್ತದೆ. ಪೆನ್‌ಡ್ರೈವ್ ತಂದಿಟ್ಟಿದ್ದೇನೆ. ಇನ್ನೂ ಖಾಲಿ ಇದೆ.