ಬೀಕರಿನಡಿಯ ಗುರುತು

ಯಲಬುರ್ಗಾ
೧೭ ಫೆಬ್ರುವರಿ ೧೯೮೧

ಪ್ರೀತಿಯ ಗೆಳತಿ ಮುಮ್ತಾಜಬೇಗಂಗೆ,

ಕಸ್ತೂರೆಮ್ಮನ ವಂದನೆಗಳು. ನಿನ್ನ ಎರಡು ಕಾಗದಗಳಿಗೂ ಉತ್ತರಿಸದೆ ಕುಳಿತ ತಪ್ಪು ನನ್ನದೇ. ಕುಷ್ಟಗಿಯಲ್ಲಿ ಕುಳಿತು ಬೈದುಕೊಳ್ಳುವುದಿದ್ದರೆ ಬೈದುಕೋ. ಅಕ್ಷರಗಳು ದಪ್ಪವಾಗಿವೆಯೆಂದು ಮಾತ್ರ ನಗಬೇಡ. ಇಲ್ಲಿ ಸಿಗುವ ಶಾಯಿಯೇ ನೀರು ನೀರು.

ನಿವೃತ್ತಿಯಾದಂದಿನಿಂದ ಒಂದೆಡೆ ಕೂರಲಾಗದೆ ಒಳಗೂ ಹೊರಗೂ ತಿರುಗುತ್ತಿದ್ದುದನ್ನು ನೀನೇ ಕಂಡಿದ್ದೀ. ಹೆಡ್‌ಮಾಸ್ತರರಾದ ಗೋಣೆಪ್ಪನವರು ಮನೆಗೆ ಬಂದು, "ವಿಜ್ಞಾನದ ಮಾಸ್ತರ ಬದ್ಲಿ ಆಗಿ ಹೋದ್ರು. ಹೊಸಬರು ಬರೂತನಕ ನೀವ ಕಲಿಸ್ರಿ ಅಕ್ಕೋರ" ಎಂದಾಗ, ಅವರು ಏಳುವ ಮೊದಲೇ ನಾನು ಚಪ್ಪಲಿ ಮೆಟ್ಟಿ ನಿಂತಿದ್ದೆ. ಹಲಗೆಯ ಮುಂದೆ ಮಾತ್ರ ನನ್ನ ಕಾಲುಗಳು ಸುಮ್ಮನಿರುತ್ತವೆ.

ನಿನ್ನೆ ರಾಸಾಯನಿಕ ಕ್ರಿಯೆಯ ವೇಗವನ್ನು ಅಳೆಯುವ ಪ್ರಯೋಗದ ಪರೀಕ್ಷೆಯಿತ್ತು. ಶಾಲೆಯಲ್ಲಿ ಹೈಪೋ ಇರಲಿಲ್ಲ. ಫೋಟೋ ಸ್ಟುಡಿಯೋದ ಶಬ್ಬೀರಸಾಬನನ್ನು ಕೇಳಿದೆ. "ಫೋಟೋ ತೊಳಿಯೂದನ್ನ ಹುಡಿಗ್ಯಾರಿಗೆ ಕುಡಸ್ತೀರೇನ್ರಿ ಅಕ್ಕೋರ?" ಎಂದು ನಗುತ್ತಲೇ ಕೊಟ್ಟ. ಕಾಗದದ ಮೇಲೆ ಪೆನ್ಸಿಲ್ಲಿನಿಂದ ಕತ್ತರಿಯಾಕಾರದ ಒಂದು ಗುರುತು, ಅದರ ಮೇಲೆ ಹೈಪೋ ದ್ರಾವಣದ ಬೀಕರು. ಆಮ್ಲ ಹಾಕಿದೊಡನೆ ಗಂಧಕದ ಕಣಗಳು ಹುಟ್ಟಿ ದ್ರಾವಣ ಮೆಲ್ಲಗೆ ಮಸುಕಾಗುತ್ತದೆ. ಮೇಲಿನಿಂದ ನೋಡುವಾಗ ಗುರುತು ಮರೆಯಾಗಲು ಎಷ್ಟು ಹೊತ್ತು ಹಿಡಿಯಿತೋ ಅದೇ ಲೆಕ್ಕ.

ಹುಲಗೆಮ್ಮ ಎಂಬ ಹುಡುಗಿ ಜಾಣೆ, ಆದರೆ ಎದುರುತ್ತರದವಳು. ಮೊದಲು ಹಲಗೆಯ ಮೇಲೆ ಸಮೀಕರಣ ಬರೆದಳು. "ಎಡಕ್ಕೆ ಗಂಧಕ ಒಂದು, ಬಲಕ್ಕೆ ಎರಡು. ಸರಿದೂಗಿತೇ?" ಎಂದು ಗದರಿದೆ.

"ಕೆಳಗ ಸಣ್ಣ ಎರಡು ಬರದೇನಲ್ರಿ ಅಕ್ಕೋರ."

ಅಂಕಿಯನ್ನು ಇರುವೆಯಂತೆ ಬರೆಯುವುದು ಎಂತಹ ಶಿಸ್ತು?

ಪ್ರಯೋಗದಲ್ಲೂ ಅದೇ ಹಟ. ಗುರುತು ಮರೆಯಾಯಿತೆಂದು ನಾನು ಹೇಳಿದರೆ, "ಇನ್ನೂ ಕಾಣಸ್ತೈತ್ರಿ" ಎಂದಳು.

"'ಕಾಣಿಸುತ್ತದೆ' ಎನ್ನು."

"ಇನ್ನೂ ಕಾಣಿಸುತ್ತದೆ ಅಕ್ಕೋರ."

ತರಗತಿಯೆಲ್ಲ ನಕ್ಕಿತು. ನಾನು ಹೇಳಿದ ಹೊತ್ತನ್ನು ಬರೆದುಕೊಳ್ಳಲು ಅವಳು ಒಪ್ಪಲಿಲ್ಲ; ಸೊನ್ನೆ ಹಾಕಿ ಹೊರಗೆ ಕಳುಹಿಸಿದೆ. "ನಾ ಸುಳ್ಳು ಬರಿಯೂದಿಲ್ರಿ" ಎಂದು ಅಳುತ್ತಲೇ ಹೋದಳು. ಬರುವ ಸೋಮವಾರ ಅಂಕಗಳು ಗೋಣೆಪ್ಪನವರ ಕೈ ಸೇರಬೇಕು. ಸೊನ್ನೆ ಉಳಿದರೆ ಅವಳು ನಪಾಸು. ಶಾಲೆ ಬಿಡಿಸಲು ಅವಳ ಅಪ್ಪ ಇಂತಹ ನೆಪವನ್ನೇ ಕಾಯುತ್ತಿದ್ದಾನೆ. ಬೆಳಗಿನಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ಹಾಲು ಉಕ್ಕಿ ಒಲೆ ಆರಿದ್ದೂ ತಿಳಿಯಲಿಲ್ಲ.

ನಿನ್ನ ಮಕ್ಕಳಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದಗಳು. ಕಿರಿಯ ಮೊಮ್ಮಗ ನುಂಗುವ 'ಹ'ಕಾರವನ್ನು ಈಗಲೇ ತಿದ್ದು.

ನಿನ್ನ
ಕಸ್ತೂರೆಮ್ಮ

ತಾ. ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮಧ್ಯಾಹ್ನ, ಶಾಲೆಯಿಂದ ತಂದಿದ್ದ ಹುಲಗೆಮ್ಮನ ಗುರುತಿನ ಕಾಗದವನ್ನು ಮನೆಯಂಗಳದ ಬಿಸಿಲಿನಲ್ಲಿಟ್ಟು, ಅದರ ಮೇಲೆ ಬೀಕರನ್ನಿಟ್ಟು, ನಿಂತು ನೋಡಿದೆ. ಗುರುತು ಇರಲಿಲ್ಲ. ಪಕ್ಕದ ಮನೆಯ ಪಕ್ಕೀರವ್ವನನ್ನು ಕರೆದು ಕೇಳಿದೆ. "ಅಲ್ಲೇ ಐತೆಲ್ರೀ ಅಕ್ಕೋರ, ಕರ್ರಗ!" ಎಂದಳು. ಸೊನ್ನೆಯನ್ನು ಹೊಡೆದುಹಾಕಿ ಹುಡುಗಿಯ ಅಂಕಗಳನ್ನು ಅವಳಿಗೆ ಕೊಟ್ಟಿದ್ದೇನೆ. ಇನ್ನು ಶಾಲೆಗೆ ಬರಲಾರೆನೆಂದು ಸೋಮವಾರ ಗೋಣೆಪ್ಪನವರಿಗೆ ಹೇಳಬೇಕು. ಒಬ್ಬಳೇ ಹೇಳಲಾರೆ, ನೀನು ಬಾ. ಬೀಕರಿನಲ್ಲಿದ್ದದ್ದು ಬರೀ ಬಾವಿಯ ನೀರು, ಮುಮ್ತಾಜ.